ಲಾನ್‌ಮೋವರ್ ಬ್ಲೆನ್ನಿ ತರುವ ಮುನ್ನ ಇದನ್ನೊಮ್ಮೆ ಓದಿ: ಪಾಚಿ ತಿನ್ನುವ ಮೀನು ಹಸಿದು ಸಾಯುವುದು ಹೀಗೆ

ಉಪ್ಪುನೀರಿನ ಟ್ಯಾಂಕ್ ಇಟ್ಟು ಮೂರ್ನಾಲ್ಕು ತಿಂಗಳಾಗಿರುತ್ತದೆ. ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ ಎರಡು ಮೂರು ಸೆಂಟಿಮೀಟರ್ ಬೆಳೆದು ಪವರ್‌ಹೆಡ್ ಪಂಪಿನ ಹರಿವಿಗೆ ತೂಗಾಡುತ್ತಿರುತ್ತದೆ. ಅಂಗಡಿಯಲ್ಲಿ ಕೇಳಿದರೆ ‘ಒಂದು ಲಾನ್‌ಮೋವರ್ ಬ್ಲೆನ್ನಿ ಬಿಡಿ, ಎಲ್ಲ ಮೇಯ್ದು ಹಾಕುತ್ತೆ’ ಅನ್ನುತ್ತಾರೆ. ಮೀನು ಬರುತ್ತದೆ. ಮೊದಲ ವಾರವೆಲ್ಲ ಗಾಜಿಗೆ ಬಾಯಿ ಒತ್ತಿ ಓಡಾಡುತ್ತದೆ, ಹಸಿರು ಹಾವಸೆಯ ಮೇಲೆ ಪುಟ್ಟ ತುಟಿಗಳ ಅಚ್ಚು ಸಾಲುಸಾಲಾಗಿ ಮೂಡುತ್ತದೆ. ಮನೆಯವರಿಗೆಲ್ಲ ಖುಷಿ. ಕೆಲವು ವಾರ ಕಳೆಯುವಷ್ಟರಲ್ಲಿ ಗಾಜು ಸ್ವಚ್ಛವಾಗಿರುತ್ತದೆ, ಕೂದಲು ಪಾಚಿ ಇದ್ದಲ್ಲೇ ಇರುತ್ತದೆ, ಮೀನಿನ ಹೊಟ್ಟೆ ಬೆನ್ನಿಗೆ ಅಂಟಿರುತ್ತದೆ. ಆಮೇಲೊಂದು ಬೆಳಿಗ್ಗೆ ಮೀನು ಕಾಣುವುದಿಲ್ಲ.

ನೀರು ಪರೀಕ್ಷಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ರೋಗವೂ ಅಲ್ಲ. ಅದು ಉಪವಾಸದ ಸಾವು, ಮತ್ತು ಈ ಹವ್ಯಾಸದಲ್ಲಿ ಮತ್ತೆ ಮತ್ತೆ ಆಗುವ ಸಾವು.

ಕಾರಣ ಅದರ ಬಾಯಿಯಲ್ಲೇ ಇದೆ. ಸಲಾರಿಯಾಸ್ ಫ್ಯಾಸಿಯೇಟಸ್ ಎಂಬ ಈ ಮೀನಿನ ಹಲ್ಲುಗಳು ಬಾಚಣಿಗೆಯಂತೆ ಸಣ್ಣಗೆ, ಒತ್ತೊತ್ತಾಗಿ ಇವೆ, ಒತ್ತಿದರೆ ಅಲ್ಲಾಡುತ್ತವೆ. ಕಲ್ಲಿಗೆ ಅಂಟಿದ ತೆಳು ಹಾವಸೆಯನ್ನೂ ಅದರಲ್ಲಿ ಸಿಕ್ಕಿಕೊಂಡ ಕಸದ ಪುಡಿಯನ್ನೂ ಕೆರೆಯಲು ಹೇಳಿಮಾಡಿಸಿದ ಹಲ್ಲು ಅದು. ಉದ್ದದ ಎಳೆಯನ್ನು ಕತ್ತರಿಸಲು ಆಗದು. ಹುಲ್ಲು ಕತ್ತರಿಸುವ ಯಂತ್ರದ ಹೆಸರಿಟ್ಟವರು ಯಾರೋ, ಮೀನಿಗಂತೂ ಆ ವಿಷಯ ಗೊತ್ತಿಲ್ಲ. ಪೂರ್ತಿ ಬೆಳೆದರೆ ಸುಮಾರು 14 ಸೆಂಟಿಮೀಟರ್ ಆಗುತ್ತದೆ. ಎರಡಡಿ ಉದ್ದದ, 100 ಲೀಟರಿನೊಳಗಿನ ಟ್ಯಾಂಕ್ ಇಂಥ ಮೀನಿಗೆ ದಿನವೂ ಸಾಲುವಷ್ಟು ಹಾವಸೆ ಬೆಳೆಸಲಾರದು.

ಹಾಗಾಗಿ ಮೀನಿನ ಪಟ್ಟಿ ನೋಡುವ ಮೊದಲು ಪಾಚಿಯನ್ನು ನೋಡಿ. ಹೊಸ ಟ್ಯಾಂಕಿನಲ್ಲಿ ಮರಳು, ಗಾಜಿನ ಮೇಲೆ ಕೂರುವ ಕಂದು ಪುಡಿ ಡಯಾಟಮ್. ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ನೀರಿನ ಸಿಲಿಕೇಟ್ ಮುಗಿದಂತೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕೆಂದು ಮೀನು ತಂದರೆ ಅದು ಬಂದು ಸೇರುವ ಹೊತ್ತಿಗೆ ಊಟ ಮುಗಿದಿರುತ್ತದೆ. ಕೆಂಪು ಅಥವಾ ನೇರಳೆ ಬಣ್ಣದ ಲೋಳೆ ಹೊದಿಕೆ, ಚಿವುಟಿ ಎಳೆದರೆ ಬಟ್ಟೆಯಂತೆ ಹಾಳೆಯಾಗಿ ಏಳುವಂಥದ್ದು, ಸೈನೋಬ್ಯಾಕ್ಟೀರಿಯಾ. ಅದನ್ನು ತಿಂದು ಮುಗಿಸುವ ಮೀನು ಇಲ್ಲ, ಯಾರಾದರೂ ಇದೆ ಎಂದರೆ ನಂಬಬೇಡಿ. ಕಂದು ಲೋಳೆಯ ದಾರಗಳು, ತುದಿಯಲ್ಲಿ ಗಾಳಿಗುಳ್ಳೆ, ರಾತ್ರಿ ಕಡಿಮೆಯಾಗಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಾಜರು — ಇದು ಡೈನೊಫ್ಲಾಜೆಲೇಟ್. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದ ಟ್ಯಾಂಕುಗಳಲ್ಲಿ ಇದರ ಕಾಟ ಹೆಚ್ಚು. ಇದರಲ್ಲಿ ಕೆಲವು ಜಾತಿ ವಿಷಕಾರಿ, ತಿಂದ ಬಸವನಹುಳುಗಳು ಸಾಯುತ್ತವೆ. ಇಂಥ ಟ್ಯಾಂಕಿಗೆ ಪಾಚಿ ಮೇಯುವ ಯಾವ ಪ್ರಾಣಿಯನ್ನೂ ಬಿಡುವ ಹಾಗಿಲ್ಲ.

ಹಸಿರಿನಲ್ಲೂ ಎರಡು ಬಗೆ. ಒಂದು ಎಳೆಯನ್ನು ನೀರಿನಲ್ಲೇ ಬೆರಳ ಮೇಲೆ ಹರಡಿ ನೋಡಿ. ಒದ್ದೆ ಕೂದಲಿನಂತೆ ಮುದ್ದೆಯಾದರೆ ಡರ್ಬೀಸಿಯಾದಂಥ ಕೂದಲು ಪಾಚಿ, ಇದನ್ನು ತಿನ್ನುವವರಿದ್ದಾರೆ. ನಡುವೆ ದಂಟು, ಎರಡೂ ಬದಿಗೆ ಗರಿಯಂತೆ ಕವಲು ಕಂಡರೆ ಬ್ರಯಾಪ್ಸಿಸ್. ಮೀನುಗಳು ಹೆಚ್ಚಾಗಿ ಮೂಸಿ ಬಿಟ್ಟುಬಿಡುತ್ತವೆ. ಹಸಿರು ಮಣಿಗಳಂತೆ ಕಲ್ಲಿನ ಸಂದಿಯಲ್ಲಿ ಗುಂಪುಗಟ್ಟಿದ್ದು ವ್ಯಾಲೋನಿಯಾ, ಅಂದರೆ ಗುಳ್ಳೆ ಪಾಚಿ. ಫಾಕ್ಸ್‌ಫೇಸ್, ಸೇಲ್‌ಫಿನ್ ಟ್ಯಾಂಗ್ ಎಂಬ ಮೀನುಗಳು, ಎಮರಾಲ್ಡ್ ಏಡಿ ಇದನ್ನು ತಿನ್ನುವುದುಂಟು, ಎಲ್ಲವೂ ತಿನ್ನುತ್ತವೆ ಎಂಬ ಖಾತರಿ ಇಲ್ಲ.

ಎರಡನೆಯ ತಪ್ಪು ಟ್ಯಾಂಗ್ ವಿಷಯದಲ್ಲಿ. ಯೆಲ್ಲೋ ಟ್ಯಾಂಗ್ ನಿಜವಾಗಿ ಪಾಚಿ ಮೇಯುವ ಮೀನು, ಗಿಡ್ಡ ಕೂದಲು ಪಾಚಿಯನ್ನು ದಿನವಿಡೀ ಕಿತ್ತು ತಿನ್ನುತ್ತದೆ. ಆದರೆ 20 ಸೆಂಟಿಮೀಟರ್ ಬೆಳೆಯುವ, ನಿಂತಲ್ಲಿ ನಿಲ್ಲದ ಈಜುಗಾರ. ನಾಲ್ಕಡಿ ಉದ್ದ, 350 ಲೀಟರಿಗಿಂತ ಚಿಕ್ಕ ಟ್ಯಾಂಕಿಗೆ ತರಲೇಬೇಡಿ. ಸೇಲ್‌ಫಿನ್ ಟ್ಯಾಂಗ್ ಇನ್ನೂ ಮೋಸ: ಅಂಗಡಿಯಲ್ಲಿ ಚಿಟ್ಟೆಯಂತೆ ರೆಕ್ಕೆ ಬಿಚ್ಚಿದ 5 ಸೆಂಟಿಮೀಟರ್ ಮರಿ, ಬೆಳೆದರೆ 40 ಸೆಂಟಿಮೀಟರ್ ತಲುಪಬಲ್ಲದು. ಕೋಲೆ, ಟೊಮಿನಿ ಟ್ಯಾಂಗ್‌ಗಳು ಗಾತ್ರದಲ್ಲಿ ಚಿಕ್ಕವು, ಆದರೆ ಅವೂ ಬ್ಲೆನ್ನಿಯಂತೆ ಹಾವಸೆ ಕೆರೆಯುವವು, ಉದ್ದ ಕೂದಲಿಗೆ ಬಾಯಿ ಹಾಕುವುದಿಲ್ಲ. ಎಲ್ಲ ಟ್ಯಾಂಗ್‌ಗಳ ಬಾಲದ ಬುಡದಲ್ಲೂ ಬ್ಲೇಡಿನಂಥ ಮುಳ್ಳಿದೆ. ಬಲೆಗೆ ಸಿಕ್ಕಿಕೊಳ್ಳುತ್ತದೆ, ಕೈಯನ್ನೂ ಸೀಳುತ್ತದೆ. ಹಿಡಿಯಲು ಪ್ಲಾಸ್ಟಿಕ್ ಡಬ್ಬಿ ಬಳಸಿ.

ಟ್ಯಾಂಗ್ ತಂದವರು ಅದರ ಜೊತೆ ಬಿಳಿಚುಕ್ಕೆ ರೋಗವನ್ನೂ ತರುವುದು ಸಾಮಾನ್ಯ. ಬೇರೆ ತೊಟ್ಟಿಯಲ್ಲಿ ನಾಲ್ಕರಿಂದ ಆರು ವಾರ ಕ್ವಾರಂಟೈನ್ ಮಾಡದೆ ಮುಖ್ಯ ಟ್ಯಾಂಕಿಗೆ ಬಿಡಬೇಡಿ. ತಾಮ್ರದ ಔಷಧ ಕೊಡುವುದಾದರೆ ಆ ತೊಟ್ಟಿಯಲ್ಲಿ ಕಲ್ಲು, ಮರಳು ಇರಬಾರದು, ಅವು ತಾಮ್ರ ಹೀರಿಕೊಂಡು ಪ್ರಮಾಣ ಕೆಡಿಸುತ್ತವೆ. ಅವಿತುಕೊಳ್ಳಲು ಪಿವಿಸಿ ಪೈಪಿನ ತುಂಡು ಸಾಕು. ಮುಖ್ಯ ಟ್ಯಾಂಕಿಗಂತೂ ತಾಮ್ರ ಮುಟ್ಟಿಸಬೇಡಿ, ಹವಳ, ಸಿಗಡಿ, ಬಸವನಹುಳು ಒಂದೂ ಉಳಿಯುವುದಿಲ್ಲ. ರೋಗ ಒಮ್ಮೆ ಮುಖ್ಯ ಟ್ಯಾಂಕ್ ಹೊಕ್ಕಿತೆಂದರೆ ಎಲ್ಲ ಮೀನನ್ನೂ ತೆಗೆದು 76 ದಿನ ಖಾಲಿ ಬಿಡುವುದು ರೂಢಿ. ಪಾಚಿ ತೆಗೆಯಲು ಹೊರಟು ಎರಡೂವರೆ ತಿಂಗಳು ಮೀನಿಲ್ಲದ ಟ್ಯಾಂಕ್ ನೋಡುತ್ತ ಕೂರುವ ಪಾಡು.

ಫಾಕ್ಸ್‌ಫೇಸ್ ಬಗ್ಗೆ ಅಂಗಡಿಯವರು ಹೇಳದೆ ಬಿಡುವ ಮಾತು, ಅದರ ರೆಕ್ಕೆಯ ಮುಳ್ಳುಗಳಲ್ಲಿ ವಿಷವಿದೆ. ಚುಚ್ಚಿದರೆ ಜೀವ ಹೋಗುವ ನೋವು. ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈ ಅದ್ದಿಡಿ. ಬಿಸಿಗೆ ಈ ವಿಷದ ಶಕ್ತಿ ಕುಗ್ಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ, ಊತ ಏರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಾತ್ರಿ ಲೈಟ್ ಹಾಕಿದಾಗ ಹಳದಿ ಮೀನು ಕಂದು ಮಚ್ಚೆ ತುಂಬಿ ಮೂಲೆಗೊರಗಿ ಬಿದ್ದಿದ್ದರೆ ಗಾಬರಿ ಬೇಡ, ಅದು ನಿದ್ದೆಯ ಬಣ್ಣ. ಇದರ ಹಸಿವು ದೊಡ್ಡದು, ಪಾಚಿ ಮುಗಿದು ನೀವೂ ಕೊಡದಿದ್ದರೆ ಜೊವಾಂಥಿಡ್ ಎಂಬ ಹವಳದ ಬಳಗದ ಜೀವಿಗಳನ್ನೂ ಮೆತ್ತನೆಯ ಹವಳಗಳನ್ನೂ ಕಚ್ಚಲು ಶುರುಮಾಡುತ್ತದೆ.

ಹೆಸರಿನ ಗೊಂದಲವೂ ಜೀವ ತೆಗೆಯುತ್ತದೆ. ‘ಆಲ್ಗೀ ಈಟರ್’ ಎಂದಷ್ಟೇ ಬರೆದ ಮೀನು, ಪ್ಲೆಕೊ, ಇವೆಲ್ಲ ಸಿಹಿನೀರಿನವು. ಉಪ್ಪುನೀರಿಗೆ ಬಿಟ್ಟರೆ ಉಳಿಯುವುದಿಲ್ಲ. ಬ್ಲೆನ್ನಿ ಎಂದ ಮಾತ್ರಕ್ಕೆ ಪಾಚಿ ತಿನ್ನುವುದೂ ಇಲ್ಲ: ಮೈಡಾಸ್ ಬ್ಲೆನ್ನಿ ನೀರಲ್ಲಿ ತೇಲುವ ಪ್ಲಾಂಕ್ಟನ್ ಹಿಡಿದು ತಿನ್ನುತ್ತದೆ. ಚಿಕ್ಕ ಟ್ಯಾಂಕಿಗೆ 6 ಸೆಂಟಿಮೀಟರಿನ ಟೈಲ್‌ಸ್ಪಾಟ್ ಬ್ಲೆನ್ನಿ ಒಗ್ಗೀತು, ಅದೂ ಗಾಜಿನ ಹಾವಸೆಗೆ ಮಾತ್ರ. ತಮಾಷೆಯೆಂದರೆ, ಸಿಹಿನೀರಿನ ಅಂಗಡಿಯ ಸಾಮಾನ್ಯ ಮೋಲಿಯನ್ನು ಹಲವು ಗಂಟೆಗಳ ಕಾಲ ಹನಿಹನಿಯಾಗಿ ಉಪ್ಪುನೀರಿಗೆ ಒಗ್ಗಿಸಿದರೆ ಅದು ಚೆನ್ನಾಗಿ ಬದುಕುತ್ತದೆ, ಎಳೆ ಕೂದಲು ಪಾಚಿಯನ್ನೂ ಕಚ್ಚಿ ತಿನ್ನುತ್ತದೆ. 100 ಲೀಟರಿನೊಳಗೆ ಅದಕ್ಕಿಂತಲೂ ಟ್ರೋಕಸ್ ಬಸವನಹುಳು ವಾಸಿ. ಮಗುಚಿ ಬಿದ್ದರೆ ತಾನೇ ಎದ್ದುಕೊಳ್ಳುತ್ತದೆ. ಆಸ್ಟ್ರೇಯಾ ಬಸವನಹುಳು ಎದ್ದುಕೊಳ್ಳಲಾರದು, ಬಿದ್ದಲ್ಲೇ ಸಾಯುತ್ತದೆ.

ಇಷ್ಟಾಗಿಯೂ ಒಂದು ಲೆಕ್ಕ ಉಳಿಯಿತು. ಮೀನು ತಿಂದ ಪಾಚಿ ಟ್ಯಾಂಕಿನಿಂದ ಆಚೆ ಹೋಗುವುದಿಲ್ಲ, ಹಿಕ್ಕೆಯಾಗಿ ಅದೇ ನೀರಿಗೆ ಬೀಳುತ್ತದೆ. ಫಾಸ್ಫೇಟ್ ಹೊರಹೋಗುವುದು ನಿಮ್ಮ ಕೈ, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ನೀರು ಬದಲಾವಣೆ ಇವುಗಳಿಂದ. ನೀರು ಪರೀಕ್ಷೆಯ ಕಿಟ್ ಫಾಸ್ಫೇಟ್ ಕಡಿಮೆ ತೋರಿಸಿತೆಂದು ಸಮಾಧಾನ ಬೇಡ, ಪಾಚಿ ಹೀರಿಕೊಂಡು ಮಿಕ್ಕಿದ್ದನ್ನಷ್ಟೇ ಅದು ಅಳೆಯುತ್ತದೆ. ಕಲ್ಲನ್ನು ಟ್ಯಾಂಕಿನದೇ ನೀರಿರುವ ಬಕೆಟ್ಟಿಗೆ ಎತ್ತಿ ಬುಡಸಮೇತ ಕೀಳಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಆ ನೀರನ್ನು ಚೆಲ್ಲಿ. ಎತ್ತಲಾಗದ ಕಲ್ಲಾದರೆ ಒಂದು ಕೈಯಲ್ಲಿ ಕೀಳುತ್ತ ಇನ್ನೊಂದು ಕೈಯಲ್ಲಿ 10–12 ಮಿಲಿಮೀಟರ್ ಸೈಫನ್ ಪೈಪನ್ನು ಪಕ್ಕದಲ್ಲೇ ಹಿಡಿಯಿರಿ, ಚೂರು ತೇಲಿಹೋದರೆ ಬೇರೆಡೆ ಬೇರುಬಿಡುತ್ತದೆ. ವಾರಕ್ಕೊಮ್ಮೆ, ಐದಾರು ವಾರ. ಬೆಳಕು ದಿನಕ್ಕೆ 8 ಗಂಟೆ. ತುಂಬುವ ನೀರು ಆರ್‌ಓ ಡಿಐ ಯಂತ್ರದಲ್ಲಿ ಶುದ್ಧಮಾಡಿದ್ದು, ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆ. ಫಾಸ್ಫೇಟ್ 0.03ರಿಂದ 0.1 ಪಿಪಿಎಂ, ನೈಟ್ರೇಟ್ 5ರಿಂದ 10 ಪಿಪಿಎಂ ನಡುವೆ ಇರಲಿ. ಪಾಚಿ ಗಿಡ್ಡವಾದ ಮೇಲಷ್ಟೇ ಮೇಯುವ ಮೀನಿಗೆ ಕೆಲಸ, ಮತ್ತೆ ಬೆಳೆಯದಂತೆ ಕಾಯುವ ಕೆಲಸ.

ತರುವುದೇ ಖಚಿತವಾದರೆ ಅಂಗಡಿಯಲ್ಲಿ ಮೀನನ್ನು ಎದುರಿನಿಂದ ನೋಡಿ. ತಲೆ ದಪ್ಪಗಿದ್ದು ಕಿವಿರಿನ ಹಿಂದೆ ಮೈ ಒಮ್ಮೆಗೇ ಸೊರಗಿದ್ದರೆ, ಹೊಟ್ಟೆ ಒಳಕ್ಕೆ ಹೋಗಿದ್ದರೆ ಬಿಟ್ಟು ಬನ್ನಿ. ನಿಮ್ಮೆದುರೇ ಆಹಾರ ಹಾಕಿಸಿ, ತಿನ್ನದ ಮೀನಿಗೆ ದುಡ್ಡು ಕೊಡಬೇಡಿ. ದೂರದಿಂದ ಪಾರ್ಸೆಲ್ ಬಂದಿದ್ದರೆ ಚೀಲ ಬಿಚ್ಚಿಟ್ಟು ಗಂಟೆಗಟ್ಟಲೆ ಹನಿ ಬಿಡುವುದು ಅಪಾಯ: ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಅದುವರೆಗೆ ಅಷ್ಟೇನೂ ಕಾಡದಿದ್ದ ಅಮೋನಿಯಾ ವಿಷವಾಗುತ್ತದೆ. ಮೊದಲೇ ಕ್ವಾರಂಟೈನ್ ತೊಟ್ಟಿಯ ಉಪ್ಪಿನಂಶವನ್ನು ಚೀಲದ ನೀರಿಗೆ ಹೊಂದಿಸಿಟ್ಟು, ಬೆಚ್ಚಗೆ ತೇಲಿಸಿ, ಬಿಚ್ಚಿದ ಕೂಡಲೇ ಮೀನನ್ನಷ್ಟೇ ದಾಟಿಸಿ. ಟ್ಯಾಂಕಿಗೆ ಮುಚ್ಚಳ ಇರಲಿ, ಬ್ಲೆನ್ನಿ ಹಾರುತ್ತದೆ.

ಈಗಾಗಲೇ ಸೊರಗಿದ ಬ್ಲೆನ್ನಿ ಮನೆಯಲ್ಲಿದ್ದರೆ ಚಕ್ಕೆ, ಗುಳಿಗೆ ರೂಪದ ಮೀನಿನ ಆಹಾರ ಹಾಕಿ ಕಾಯುತ್ತ ಕೂರಬೇಡಿ. ಉಪ್ಪು, ಎಣ್ಣೆ, ಮಸಾಲೆ ಇಲ್ಲದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯನ್ನು ಅಂಗೈಯಗಲದ ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಸುತ್ತಿ ಅದು ಕೂರುವ ಗುಂಡಿಯ ಬಳಿಯೇ ಇಡಿ. ಸಂಜೆಗೆ ಮಿಕ್ಕಿದ್ದನ್ನು ತೆಗೆಯಿರಿ. ಸ್ಪಿರುಲಿನಾ ಪುಡಿ ಬೆರೆತ ಜೆಲ್ ಆಹಾರವನ್ನು ಒರಟು ಕಲ್ಲಿಗೆ ಬಳಿದೂ ನೋಡಬಹುದು. ಅದಕ್ಕೂ ಬಾರದಿದ್ದರೆ ಹಾವಸೆಯನ್ನು ನೀವೇ ಬೆಳೆಸಿ: ಬಕೆಟ್ಟಿನಲ್ಲಿ ಟ್ಯಾಂಕಿನಿಂದ ತೆಗೆದ ನೀರು, ಚಿಕ್ಕ ಪಂಪು, ಮೇಲೊಂದು ಬಿಳಿ ಎಲ್‌ಇಡಿ, ಒಳಗೆ ಆರೇಳು ಕಲ್ಲಿನ ಚೂರು. ಹಸಿರು ಹಿಡಿದ ಕಲ್ಲನ್ನು ಎರಡು ದಿನಕ್ಕೊಂದರಂತೆ ಟ್ಯಾಂಕಿಗಿಟ್ಟು, ಮೇಯ್ದು ಬೋಳಾದದ್ದನ್ನು ಬಕೆಟ್ಟಿಗೆ ಮರಳಿಸಿ. ಮೂರು ವಾರವಾದರೂ ಹೊಟ್ಟೆ ತುಂಬಿಕೊಳ್ಳದಿದ್ದರೆ ಹಳೆಯ, ದೊಡ್ಡ ಟ್ಯಾಂಕ್ ಇರುವವರಿಗೆ ಕೊಟ್ಟುಬಿಡಿ, ಮೀನಿಗೆ ಇನ್ನೂ ಈಜುವ ಶಕ್ತಿ ಇರುವಾಗಲೇ.