ಯೂರಿಯಾನಾ, ಜೀವಾಮೃತಾನಾ? ನಿಮ್ಮ ಹೊಲ ನೋಡಿ ಹೇಳಿ

ಯೂರಿಯಾದಂಥ ರಾಸಾಯನಿಕ ಗೊಬ್ಬರ ನಿಲ್ಲಿಸಿ, ಜೀವಾಮೃತ (ಸಗಣಿ, ಗಂಜಲದಿಂದ ಮಾಡುವ ದ್ರವ ಗೊಬ್ಬರ) ಬಳಸುವ ಸುಸ್ಥಿರ ಕೃಷಿಗೆ ಹೋಗಬೇಕಾ ಅನ್ನೋದು ಪ್ರಶ್ನೆ. ದಾವಣಗೆರೆ ಕಡೆ ಬರೀ ಮೆಕ್ಕೆಜೋಳ ಹಾಕುವವರು ಯೂರಿಯಾ ಹಾಕೋದನ್ನು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಇದು ಸಾರಜನಕ ಜಾಸ್ತಿ ಕೇಳುವ ಬೆಳೆ. ಯೂರಿಯಾದಲ್ಲಿ ಅದು ಶೇ. 46 ಇದೆ, ಕೊಟ್ಟಿಗೆ ಗೊಬ್ಬರದಲ್ಲಿ ಶೇ. 1 ಇದ್ದರೆ ಹೆಚ್ಚು. ಮೊದಲ ವರ್ಷಗಳಲ್ಲಿ ಇಳುವರಿ ಬಿದ್ದರೆ ಸಾಲದ ಕಂತು ಯಾರು ಕಟ್ಟೋದು, ಅಲ್ವಾ? ಹೊಲದ ಕಾಲು ಭಾಗದಲ್ಲಿ ಮಾತ್ರ ಯೂರಿಯಾ ನಿಲ್ಲಿಸಿ ಶುರು ಮಾಡಿ.

ಚಳ್ಳಕೆರೆಯ ಮಳೆ ನಂಬಿದ ಕೆಂಪು ಹೊಲಕ್ಕೆ ಮಾತ್ರ ನನ್ನ ಓಟು ಸುಸ್ಥಿರ ಕೃಷಿಗೇ. ಶೇಂಗಾ ತನಗೆ ಬೇಕಾದ ಸಾರಜನಕವನ್ನು ಬಹುಪಾಲು ಬೇರಿನ ಗಂಟಿನಲ್ಲೇ ಮಾಡಿಕೊಳ್ಳುತ್ತದೆ. ಒಂದು ಗಿಡ ಕಿತ್ತು ಗಂಟು ಚಿವುಟಿ ನೋಡಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ ಅಂತ ಲೆಕ್ಕ. ನಡುವೆ ತೊಗರಿ ಸಾಲು ಹಾಕಿದರೆ, ಮಳೆ ಕೈಕೊಟ್ಟು ಶೇಂಗಾ ಹೋದರೂ ತೊಗರಿಯಾದರೂ ಕೈಗೆ ಸಿಗಬಹುದು.

ಜೀವಾಮೃತಕ್ಕೆ ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, ಎರಡೆರಡು ಕೆಜಿ ಬೆಲ್ಲ, ಕಡಲೆಹಿಟ್ಟು, ಹೊಲದ ಬದುವಿನ ಒಂದು ಹಿಡಿ ಮಣ್ಣು. ದುಡ್ಡು ಕಡಿಮೆ, ಮೈಕೆಲಸ ಜಾಸ್ತಿ. ಮನೇಲಿ ದನ ಇಲ್ಲದವರು ಸಗಣಿಗೆ ಊರೆಲ್ಲ ಅಲೆಯಬೇಕು.

ಕಳೆನಾಶಕ ಬಿಟ್ಟರೆ ಕಳೆ ಕೀಳುವ ಕೂಲಿ ಏರುತ್ತದೆ. ಇನ್ನು ಸಾವಯವ ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ 2-3 ವರ್ಷ ಕಾಯಬೇಕು. ಅಲ್ಲಿಯವರೆಗೆ ಮಂಡಿಯಲ್ಲಿ ಎಲ್ಲರಿಗೂ ಸಿಗುವ ರೇಟೇ ನಿಮಗೂ.