ಟ್ರೆಜರ್ ಮಾಡೆಲ್ ಒನ್: ಡಬ್ಬಿ ಚಿಕ್ಕದು, ಕೆಲಸ ನಮ್ಮದೇ ಜಾಸ್ತಿ

2014ರಲ್ಲಿ ಬಿಟ್‌ಕಾಯಿನ್ ಕೊಡು-ಕೊಳ್ಳುವ ಎಕ್ಸ್‌ಚೇಂಜ್ ಮೌಂಟ್ ಗಾಕ್ಸ್ ಮುಳುಗಿದಾಗ ಜನರ ಲಕ್ಷಗಟ್ಟಲೆ ಬಿಟ್‌ಕಾಯಿನ್ ಹೋದವು. ಆ ಕಥೆ ಗೊತ್ತಿದ್ದೂ ನಾನು ಎರಡು ವರ್ಷ ನನ್ನದನ್ನು ಎಕ್ಸ್‌ಚೇಂಜ್‌ನಲ್ಲೇ ಬಿಟ್ಟಿದ್ದೆ, ಸೋಮಾರಿತನ, ಮತ್ತೇನಿಲ್ಲ. ಕೊನೆಗೆ ಈ ಹಾರ್ಡ್‌ವೇರ್ ವಾಲೆಟ್, ಅಂದರೆ ಬಿಟ್‌ಕಾಯಿನ್‌ನ ಬೀಗದ ಕೈಯನ್ನು ನಮ್ಮ ಹತ್ತಿರವೇ ಇಟ್ಟುಕೊಳ್ಳುವ ಪುಟ್ಟ ಸಾಧನ, ತಗೊಂಡೆ.

ಮೊದಲು ಆನ್‌ಲೈನ್‌ನಲ್ಲಿ ಯಾರೋ ಮಾರಾಟಗಾರನಿಂದ ಅಗ್ಗಕ್ಕೆ ತರಿಸಿ ಎಡವಟ್ಟಾಯಿತು. ಬಾಕ್ಸ್ ತೆರೆದರೆ ಕಾರ್ಡ್ ಮೇಲೆ 24 ಪದ ಆಗಲೇ ಬರೆದಿವೆ! ಆ ಪದಗಳೇ ಬೀಗದ ಕೈ. ಬರೆದವನ ಹತ್ತಿರವೂ ಒಂದು ಕೈ ಇದ್ದಂತೆ, ಅಲ್ವಾ? ವಾಪಸ್ ಕಳಿಸಿ ಕಂಪನಿಯಿಂದಲೇ ನೇರವಾಗಿ ತರಿಸಿದೆ. ಹೊಸದರಲ್ಲಿ ಫರ್ಮ್‌ವೇರ್ (ಡಬ್ಬಿಯನ್ನು ನಡೆಸುವ ಸಾಫ್ಟ್‌ವೇರ್) ಕೂಡ ಇರಲಿಲ್ಲ, ನಾವೇ ಹಾಕಬೇಕು, ಅದೇ ಸರಿ.

ಪಿನ್ ಹಾಕುವ ರೀತಿ ತುಂಬಾ ಹಿಡಿಸಿತು. ಲ್ಯಾಪ್‌ಟಾಪ್‌ನಲ್ಲಿ ಬರೀ ಖಾಲಿ ಒಂಬತ್ತು ಮನೆ ಕಾಣುತ್ತವೆ, ಯಾವ ಅಂಕಿ ಎಲ್ಲಿದೆ ಅನ್ನೋದು ಡಬ್ಬಿಯ ಪುಟ್ಟ ಪರದೆಯಲ್ಲಿ ಮಾತ್ರ, ಅದೂ ಪ್ರತಿ ಸಲ ಜಾಗ ಬದಲು.

ಹೊಸ ಡಬ್ಬಿ ತೋರಿಸಿದ ಪದಗಳನ್ನು ಕಾಗದದಲ್ಲಿ ಇಡೋಣ ಅಂದರೆ ಬೆಳಗಾವಿ ಮಳೆಗಾಲ ಗೊತ್ತಲ್ಲ. ಖಡೇಬಜಾರಿನಲ್ಲಿ ಪಾತ್ರೆ ಮೇಲೆ ಹೆಸರು ಕೊರೆಯುವವರಿಗೆ ಕೊಡೋಣ ಅಂತ ಹೊರಟೇಬಿಟ್ಟಿದ್ದೆ, ದಾರಿಯಲ್ಲಿ ಬುದ್ಧಿ ಬಂತು: ಅವರು ಓದುತ್ತಾರಲ್ಲ! ಉದ್ಯಮಬಾಗದಿಂದ ಸ್ಟೀಲ್ ಪಟ್ಟಿ, ಅಕ್ಷರದ ಪಂಚ್ ತಂದು ನಾನೇ ಸುತ್ತಿಗೆಯಿಂದ ಕುಟ್ಟಿದೆ. ಪ್ರತಿ ಇಂಗ್ಲಿಷ್ ಪದದ ಮೊದಲ 4 ಅಕ್ಷರ ಸಾಕು, ಅಷ್ಟರಲ್ಲೇ ಯಾವ ಪದ ಅಂತ ಗೊತ್ತಾಗುತ್ತೆ. ಮೇಲಿನ ಮನೆ ಕಾಕಾ ಎರಡು ಸಲ ಇಳಿದು ಬಂದು "ಏನ್ ನಡಸೀಯೋ ತಮ್ಮಾ" ಅಂದರು.

ಸಾವಿರ, ಎರಡು ಸಾವಿರ ರೂಪಾಯಿಯ ಕ್ರಿಪ್ಟೋಗೆ ಸುಮ್ನೆ ಇದೆಲ್ಲ ಬೇಡ, ಫೋನ್ ವಾಲೆಟ್ ಸಾಕು.