ಬಿಸಿಲಿಗೆ ಇಡಬಾರದ ತೋಟದ ರೈಲು

ಮೂವತ್ತೊಂದು ವರ್ಷ ಹುಬ್ಬಳ್ಳಿಯ ಅಂಗಡಿಗಳಿಗೆ ಬೋರ್ಡು ಬರೆದವನು ನಾನು. ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಬಿಡುವು ಹೆಚ್ಚಾಯಿತು. ಹೋದ ಫೆಬ್ರುವರಿಯಲ್ಲಿ 18,500 ರೂಪಾಯಿ ಕೊಟ್ಟು, ವೈಡಿಎಂ-4 ಎಂಬ ಡೀಸೆಲ್ ರೈಲು ಎಂಜಿನ್‌ನ, ರೇಡಿಯೊ ನಿಯಂತ್ರಣದ ಪುಟ್ಟ ಮಾದರಿಯ ಕಿಟ್ ತರಿಸಿದೆ. ಹಿತ್ತಲಲ್ಲಿ ಓಡಿಸುವ ಆಸೆ. ತಯಾರಕರ ಹೆಸರು ಹೇಳುವುದಿಲ್ಲ. ಇಬ್ಬರೋ ಮೂವರೋ ಸೇರಿ ನಡೆಸುವ ಸಣ್ಣ ಉದ್ಯಮ, ತಿದ್ದಿಕೊಂಡಾರು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಇವರಿಗೆ ಲೆಕ್ಕ ಗೊತ್ತಿದೆ. ಹಿತ್ತಲಲ್ಲಿ ಓಡಿಸುವ ಇಂಥ ತೋಟದ ರೈಲಿಗೆ ಎರಡು ಹಳಿಗಳ ನಡುವಿನ ಅಗಲ ಸಾಮಾನ್ಯವಾಗಿ 45 ಮಿ.ಮೀ. ಜರ್ಮನಿಯ ಎಲ್‌ಜಿಬಿ ಎಂಬ ಮಾದರಿ ರೈಲಿನ ಬ್ರ್ಯಾಂಡ್ 1968ರಲ್ಲಿ ಇದೇ ಹಳಿಯ ಮೇಲೆ 22.5ಕ್ಕೆ ಒಂದರ ಅಳತೆಯ, ಅಂದರೆ ಅಸಲಿಗಿಂತ 22.5 ಪಟ್ಟು ಚಿಕ್ಕ ರೈಲು ತಂದಿತು. ಮೀಟರ್ ಗೇಜಿನ ಸಾವಿರ ಮಿ.ಮೀ.ಯನ್ನು 22.5ರಿಂದ ಭಾಗಿಸಿ ನೋಡಿ, ಸುಮಾರು ನಲವತ್ನಾಲ್ಕೂವರೆ ಬರುತ್ತದೆ, 45ಕ್ಕೆ ಹತ್ತಿರ. ನಮ್ಮ ಬ್ರಾಡ್ ಗೇಜ್ ಎಂಜಿನ್‌ಗಳನ್ನು ಇದೇ ಅಳತೆಯಲ್ಲಿ ಮಾಡಿ ಇದೇ ಹಳಿಯ ಮೇಲೆ ನಿಲ್ಲಿಸಿದರೆ, ದೊಡ್ಡ ಆಳು ಚಿಕ್ಕ ಮಗುವಿನ ಚಪ್ಪಲಿ ಮೆಟ್ಟಿದಂತೆ ಕಾಣುತ್ತದೆ. ಮೀಟರ್ ಗೇಜಿನ ವೈಡಿಎಂ-4ಕ್ಕೆ ಆ ತೊಂದರೆ ಇಲ್ಲ. 1960ರ ದಶಕದಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದು, ಆಮೇಲೆ ವಾರಾಣಸಿಯಲ್ಲೂ ತಯಾರಾದ ಎಂಜಿನ್ ಇದು. ಗದಗಿನಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಬಾಗಲಕೋಟೆ ಕಡೆಯ ಗಾಡಿಗೆ ಇದನ್ನು ಜೋಡಿಸುವುದನ್ನು ನೋಡಲೆಂದೇ ಬೇಸಿಗೆ ರಜೆಗೆ ಅಲ್ಲಿಗೆ ಓಡುತ್ತಿದ್ದೆ.

ಚಾಸಿ, ಅಂದರೆ ತಳದ ಚೌಕಟ್ಟು, ಗಟ್ಟಿಯಾಗಿದೆ. ಎರಡು ಬೋಗಿ (ಇಲ್ಲಿ ಡಬ್ಬಿಯಲ್ಲ, ಗಾಲಿಗಳನ್ನು ಹಿಡಿದಿಡುವ ಚೌಕಟ್ಟು), ಬೋಗಿಗೊಂದು ಮೋಟಾರು. ಮಧ್ಯದ ಗಾಲಿಜೋಡಿ ಪಕ್ಕಕ್ಕೆ ಸರಿಯುವಂತೆ ಇಟ್ಟಿರುವುದರಿಂದ ತಿರುವಿನಲ್ಲಿ ಹಳಿ ತಪ್ಪುವುದಿಲ್ಲ. 60 ಸೆಂ.ಮೀ. ತ್ರಿಜ್ಯ ಸಾಕು ಎಂದು ಬರೆದಿದ್ದಾರೆ. ಸಾಗುತ್ತದೆ ನಿಜ, ಆದರೆ ಮೂತಿ ಹಳಿಯಿಂದಾಚೆಗೆ ಚಾಚಿ ವಿಕಾರವಾಗಿ ಕಾಣುತ್ತದೆ. ನಾನು 120 ಸೆಂ.ಮೀ. ಇಟ್ಟುಕೊಂಡೆ. ಹಳಿಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಎಂಜಿನ್‌ನೊಳಗೇ ಮೂರು ಲಿಥಿಯಂ ಸೆಲ್‌ಗಳಿವೆ. ಹಾಗಾಗಿ ದಿನಾ ಹಳಿ ಉಜ್ಜುವ ಕೆಲಸವಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಎರಡೂವರೆ ಗಂಟೆ ಓಡುತ್ತದೆ.

ಓಟವೇ ಅತಿಯಾಗಿತ್ತು. ಐದು ಮೀಟರ್ ಹಳಿಯನ್ನು ನಾಲ್ಕು ಸೆಕೆಂಡಿನಲ್ಲಿ ದಾಟಿತು. ಅಳತೆಗೆ ಹಿಗ್ಗಿಸಿದರೆ ಗಂಟೆಗೆ ನೂರು ಕಿಲೋಮೀಟರ್! ಅತ್ತೆಯ ಊರಿನ ಗಾಡಿ ಆ ವೇಗ ಕಂಡಿದ್ದೇ ಇಲ್ಲ. ನಿಮಿಷಕ್ಕೆ 200 ಸುತ್ತಿನ ಗೇರ್ ಮೋಟಾರು ಹಾಕಿದೆ. ಈಗ ಅದೇ ದೂರಕ್ಕೆ ಹನ್ನೊಂದು ಸೆಕೆಂಡು. ಗಾಲಿ ಜಾರದಿರಲೆಂದು ಪಂಕ್ಚರ್ ಅಂಗಡಿಯಿಂದ, ಟೈರ್ ಬ್ಯಾಲೆನ್ಸಿಗೆ ಬಳಸುವ ಸೀಸದ ತುಂಡುಗಳನ್ನು ಮುಕ್ಕಾಲು ಕಿಲೋ ತಂದು ತಳಕ್ಕೆ ಅಂಟಿಸಿದೆ.

ಇನ್ನು ಮೈ. ತ್ರೀಡಿ ಮುದ್ರಣದ ಪಿಎಲ್‌ಎ ಪ್ಲಾಸ್ಟಿಕ್. ಏಪ್ರಿಲ್‌ನ ಒಂದು ಮಧ್ಯಾಹ್ನ ಓಡಿಸಿ, ಅಲ್ಲೇ ಬಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಉದ್ದನೆಯ ಹುಡ್, ಅಂದರೆ ಮೇಲಿನ ಕವಚ, ನಡು ಬಾಗಿದ ಎಮ್ಮೆಯ ಹಾಗೆ ಕುಳಿತಿತ್ತು. ಪಿಎಲ್‌ಎ 60 ಡಿಗ್ರಿ ಆಸುಪಾಸಿಗೆ ಮೆತ್ತಗಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಗಾಢ ಬಣ್ಣದ ಮೈ ಅಷ್ಟು ಕಾಯಲು ಹೊತ್ತು ಬೇಕಿಲ್ಲ. ತಯಾರಕರಿಗೆ ಫೋನ್ ಮಾಡಿದೆ.

“ಸರ್, ನೇರ ಬಿಸಿಲಿಗೆ ಇಡಬಾರದು.”

“ತೋಟದ ರೈಲು ತಮ್ಮಾ, ಎಲ್ಲಿಡಲಿ? ದೇವರ ಕೋಣೆಯಲ್ಲೇ?”

ಬದಲಿ ಹುಡ್‌ಗೆ 2,200 ಎಂದರು. ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಮಾಡಿಕೊಡಿ, ಅದು ನೂರು ಡಿಗ್ರಿ ತಡೆಯುತ್ತದೆ ಎಂದೆ. ತಮ್ಮ ಯಂತ್ರದಲ್ಲಿ ಆಗುವುದಿಲ್ಲವಂತೆ.

ನಿಜ ಹೇಳಬೇಕೆಂದರೆ ಆ ಹುಡ್ ಬಾಗಿದ್ದಕ್ಕೆ ನನಗೆ ದುಃಖವಾಗಲಿಲ್ಲ. ಮುದ್ರಣದ ಗೆರೆಗಳು ಬಾಚಣಿಗೆ ಎಳೆದಂತಿದ್ದವು. ಗೆರೆ ತುಂಬಲು ಎನ್‌ಸಿ ಪುಟ್ಟಿ ಬಳಿದು, 400ರ ಉಜ್ಜುಕಾಗದ, ಆಮೇಲೆ ಇನ್ನೂ ನಯವಾದ 800ರ ಕಾಗದ ಹಾಕಿ ಉಜ್ಜಿ ನನ್ನ ಬೆರಳು ಸವೆದಿತ್ತು. ಎಂಜಿನ್ ಹತ್ತಲು ಕೈಯಲ್ಲಿ ಹಿಡಿಯುವ ಸರಳುಗಳು ಬೆಂಕಿಕಡ್ಡಿಯಷ್ಟು ದಪ್ಪ. ಅವನ್ನು ಕತ್ತರಿಸಿ ಎಸೆದು, ದುರ್ಗದ ಬೈಲಿನಿಂದ ತಂದ ಒಂದು ಮಿ.ಮೀ. ಹಿತ್ತಾಳೆ ತಂತಿ ಬಾಗಿಸಿ ಕೂರಿಸಿದ್ದೆ. ಅಂಟುಚೀಟಿಯ ಅಕ್ಷರಗಳಂತೂ ಕಂಪ್ಯೂಟರಿನವು, ಎಲ್ಲ ಒಂದೇ ಎತ್ತರ, ಜೀವವಿಲ್ಲ. ರೈಲ್ವೆಯ ಪೇಂಟರ್ ಬರೆದ ‘4’ ಅಂಕಿಗೆ ಒಂದು ಬಾಗು ಇರುತ್ತದೆ. ಅಳಿಲಿನ ಕೂದಲಿನ ಬ್ರಷ್ಷಿನಲ್ಲಿ ನಾಗರಿ ಅಂಕಿಗಳನ್ನೂ ಇಂಗ್ಲಿಷ್ ಅಂಕಿಗಳನ್ನೂ ನಾನೇ ಬರೆದೆ. ಕಿಟ್‌ನ ಜೊತೆಗಿದ್ದ ಕೆಂಪು ಬಣ್ಣ ಕುಂಕುಮ ಕೆಂಪು. ಅದಕ್ಕೆ ಕಪ್ಪು, ಒಂದು ಹನಿ ಹಸಿರು ಬೆರೆಸಿದಾಗ ಸರಿಹೋಯಿತು. ಹೊಸಪೇಟೆಯ ಅದಿರಿನ ಧೂಳು ಕಂಡವರಿಗೆ ಗೊತ್ತು, ಗದಗಿನ ಮೇಲೆ ಹಾಯ್ದ ಗಾಡಿಗಳ ಕೆಳಮೈ ಯಾವ ಬಣ್ಣವಿರುತ್ತದೆ ಎಂದು. ಇಟ್ಟಿಗೆ ಅರೆದು, ಜರಡಿ ಹಿಡಿದು, ಒಣ ಬ್ರಷ್ಷಿನಿಂದ ಬೋಗಿಗಳಿಗೆ ತಟ್ಟಿದೆ. ಹೊಗೆಕೊಳವೆಯ ಸುತ್ತ ದೀಪದ ಕಾಡಿಗೆ.

ಹಳಿಯ ವಿಷಯದಲ್ಲಿ ಒಂದು ಮಾತು. ನಮ್ಮದು ಎರೆ ಮಣ್ಣು. ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಬರೀ ಜಲ್ಲಿ ಕಡಿ ಹಾಕಿದರೆ ಜುಲೈ ಹೊತ್ತಿಗೆ ಹಳಿ ಅಲೆಯಾಗುತ್ತದೆ. ಫರಸಿ ಕಲ್ಲು ಹಾಸಿ ಅದರ ಮೇಲೆ ಕೂರಿಸಿ. ಧಾರವಾಡದ ಕೆಂಪು ಮಣ್ಣಿನವರು ಪುಣ್ಯವಂತರು.

ಹೊಸ ಹುಡ್‌ಗೆ ಹಳೆಯ ಬೋರ್ಡಿನ ತಗಡನ್ನೇ ಮಡಚಿದೆ. ಒಳಗಿನಿಂದ ಮೊಂಡು ಮೊಳೆಯಿಂದ ಒತ್ತಿದರೆ ಬಾಗಿಲ ಅಂಚಿನ ಬೋಲ್ಟ್ ತಲೆಗಳು ಒಂದೊಂದಾಗಿ ಹೊರಗೆ ಏಳುತ್ತವೆ; ಯಾವ ಮುದ್ರಣವೂ ಕೊಡದ ಚೂಪು. ಆದರೆ ತಗಡಿನೊಳಗೆ ರೇಡಿಯೊ ತರಂಗ ಹೋಗುವುದಿಲ್ಲ ಎಂಬುದು ಓಡಿಸಿದ ಮೇಲೆ ನೆನಪಾಯಿತು! ಇಪ್ಪತ್ತು ಮೀಟರ್ ದೂರಕ್ಕೆ ಕೇಳುತ್ತಿದ್ದ ಎಂಜಿನ್ ನಾಲ್ಕು ಹೆಜ್ಜೆಗೇ ಕಿವುಡಾಯಿತು. ಆಂಟೆನಾ ತಂತಿಯನ್ನು ಪ್ಲಾಸ್ಟಿಕ್ ಕ್ಯಾಬಿನ ಕಿಟಕಿಯ ಹಿಂದಕ್ಕೆ ಎಳೆದ ಮೇಲೆ ಸರಿಯಾಯಿತು.

ಕೊಳ್ಳುವವರು ಚಾಸಿ, ರೇಡಿಯೊ, ಬ್ಯಾಟರಿ ಮಾತ್ರ ಕೇಳಿ. 11,000ಕ್ಕೆ ಬಿಡಿಯಾಗಿ ಕೊಡುತ್ತಾರೆ. ಮೈಯನ್ನು ನೀವೇ ಮಾಡಿಕೊಳ್ಳಿ. ನನ್ನ ಹುಡ್ ಎತ್ತಿ ಒಳಗೆ ನೋಡಿದರೆ ಹಳದಿಯ ಮೇಲೆ ನೀಲಿಯಲ್ಲಿ “ಕಿರಾಣಿ ಸ್ಟೋ” ಎಂದು ತಲೆಕೆಳಗಾಗಿ ಇನ್ನೂ ಇದೆ.